ನನ್ನ ಕುತ್ತಿಗೆ ಬೇನೆಯನ್ನು ಸೌಂದರ್ಯದ ಪಟ್ಟಿಗೆ ಸೇರಿಸಿದವರು

ನನ್ನ ಎದೆಯ ವಿಷಯವನ್ನು ನಾನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮಾತಾಡಿ ಮುಗಿಸಿದ್ದರು. ಬಸ್ಸಿನಲ್ಲಿ ಕಣ್ಣಲ್ಲೇ ಮಾತಾಡಿದವರಿದ್ದರು, ಅಳತೆ ಟೇಪು ಹಿಡಿದುಕೊಂಡು ನಕ್ಕ ಬ್ಲೌಸಿನವಳಿದ್ದಳು, ಕಾಲೇಜಿನಲ್ಲಿ ಬೆನ್ನ ಹಿಂದೆ ಅಡ್ಡಹೆಸರು ಇಟ್ಟವರಿದ್ದರು. ಈಗ ನನ್ನ ಸರದಿ. ಆಪರೇಷನ್ ಆಗಿ ವರ್ಷದ ಮೇಲಾಯಿತು. ನಾಚಿಕೆಪಡುವ ಕೆಲಸ ಬೇರೆಯವರು ಮಾಡಲಿ ಎಂದು ಬಿಟ್ಟು ಬರೆಯಲು ಕೂತಿದ್ದೇನೆ.

ನಾನು ಲೆಕ್ಕದ ಟೀಚರು. ತವರು ತೆಲುಗು ಸೀಮೆಯ ತಾಂಡೂರಿನ ಹತ್ತಿರ, ಯಾಲಾಲ್ ಕಡೆಯ ಹಳ್ಳಿ. ಅಪ್ಪ ತೊಗರಿ ಬೆಳೆಯುತ್ತಾನೆ. ಅವನಿಗೆ ಸಹಿ ಮಾಡಲು ಬರುತ್ತದೆ, ಅದಕ್ಕಿಂತ ಹೆಚ್ಚಿಗೆ ಓದಿಲ್ಲ. ನಮ್ಮ ಮನೆತನದಲ್ಲಿ ಗಂಡಸರನ್ನೂ ಸೇರಿಸಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಬಿ.ಎಸ್ಸಿ. ಪುಸ್ತಕದಲ್ಲಿ ಇಂಗ್ಲಿಷು. ನಾಲ್ಕನ್ನೂ ಒದ್ದಾಡಿಯೇ ಕಲಿತದ್ದು. ಇದನ್ನು ಜಂಬಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡರೆ ಹೌದು, ಜಂಬಕ್ಕೇ. ಮದುವೆಯಾಗಿ ಜಹೀರಾಬಾದಿಗೆ ಬಂದೆ. ಗಂಡ ಮಲ್ಲಿಕಾರ್ಜುನ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಅತ್ತೆ ಗುರುಬಸಮ್ಮ ಮತ್ತು ನಮ್ಮ ಮಗಳು. ನನ್ನ ಶಾಲೆ ನಾರಾಯಣಖೇಡದಲ್ಲಿ. ದಿನಾ ಹೋಗಿ ಬರುವುದು ಬಸ್ಸಿನಲ್ಲೇ.

ಬೇನೆ ಕುತ್ತಿಗೆಯಲ್ಲಿ ಶುರುವಾಗಿ ಹೆಗಲಿಗೆ ಇಳಿಯಿತು. ಆಮೇಲೆ ಬಲಗೈಯ ಬೆರಳು ಜೋಮು ಹಿಡಿಯತೊಡಗಿದವು. ಪಾಠದ ನಡುವೆ ಸೀಮೆಸುಣ್ಣ ತಾನಾಗಿ ಜಾರಿ ಬೀಳುತ್ತಿತ್ತು. ಕೈ ಎತ್ತಲಾಗದೆ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಬಿಡಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯರು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಒಳಉಡುಪಿನ ಪಟ್ಟಿ ಕೂತು ಎರಡೂ ಹೆಗಲ ಮೇಲೆ ಬೆರಳು ಇಳಿಯುವಷ್ಟು ಹಳ್ಳ ಬಿದ್ದಿತ್ತು. ಬೇಸಿಗೆಯಲ್ಲಿ ಎದೆಯ ಅಡಿಯಲ್ಲಿ ಬೆವರು ನಿಂತು ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಮಗಳ ಹಳೇ ಲಂಗೋಟಿ ಬಟ್ಟೆಯನ್ನು ಮಡಿಸಿ ಅಲ್ಲಿ ಇಟ್ಟುಕೊಂಡು ಪಾಠಕ್ಕೆ ಹೋಗುತ್ತಿದ್ದೆ.

ಮೊದಲ ಆರೋಪ ಹೊತ್ತದ್ದು ನನ್ನ ಲಿಂಗದ ಕರಡಿಗೆ. ನಮ್ಮದು ಲಿಂಗವಂತರ ಮನೆ. ಕೊರಳಲ್ಲಿ ಲಿಂಗ, ಅದಕ್ಕೆ ಬೆಳ್ಳಿಯ ಕರಡಿಗೆ. ನನಗೆ ನೌಕರಿ ಸಿಕ್ಕಾಗ ಅತ್ತೆ ತನ್ನ ಹಳೇ ಕಾಲುಂಗುರ, ಕಡಗ ಕರಗಿಸಿ ದೊಡ್ಡದೊಂದು ಕರಡಿಗೆ ಮಾಡಿಸಿ ಕೊಟ್ಟಿದ್ದಳು.

"ಏ ಸುವರ್ಣಾ, ನಾ ಕೊಟ್ಟ ಕರಡಿಗೀನೇ ನಿನ್ನ ಕುತ್ತಿಗಿ ಹಿಡದದ ನೋಡು," ಎಂದು ಅತ್ತೆ ಹಣೆ ಚಚ್ಚಿಕೊಂಡಳು. "ನಾಕ್ ಮಂದೀಗಿ ಕಾಣಬೇಕಂತ ಬೆಳ್ಳಿ ಜಾಸ್ತಿ ಹಾಕಿಸಿದೆ. ನಂದೇ ಬುದ್ಧಿ ಸುಟ್ಟಿತ್ತು."

ಅವಳಾದರೂ ಓದದವಳು. ಎಲುಬಿನ ಡಾಕ್ಟರು ಕೂಡ ನನ್ನ ಕೊರಳು ನೋಡಿ, "ಈ ಭಾರ ತೆಗೆದುಬಿಡಿ, ಸರಿ ಹೋಗುತ್ತೆ," ಅಂದರು. ಅದು ನಿಂಬೆಹಣ್ಣಿನಷ್ಟು ಬೆಳ್ಳಿ. ಅದು ಎಲ್ಲಿ ಒರಗಿಕೊಂಡಿತ್ತೋ ಆ ಜಾಗ ಅವರ ಕಣ್ಣಿಗೆ ಬೀಳಲೇ ಇಲ್ಲ. ಬಾಯಿ ಬಿಡೋಣವೆಂದರೆ ಪರದೆಯಿಲ್ಲದ ಕೋಣೆ, ಬಾಗಿಲಲ್ಲಿ ಮುಂದಿನ ಸರದಿಯ ಗಂಡಸರು. ಮನೆಗೆ ಬಂದು ಕರಡಿಗೆ ತೆಗೆದಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹಗುರ ದಾರ ಹಾಕಿಕೊಂಡೆ. ಬೇನೆ ಇದ್ದ ಜಾಗದಿಂದ ಅಲ್ಲಾಡಲಿಲ್ಲ.

ಅಲ್ಲಿಂದ ಸುತ್ತಾಟ. ಜಹೀರಾಬಾದು, ನಾರಾಯಣಖೇಡ, ರಜೆಯಲ್ಲಿ ತವರಿಗೆ ಹೋದಾಗ ತಾಂಡೂರು. ಯಾವ ಮಾತನ್ನು ಯಾವ ಊರಲ್ಲಿ ಕೇಳಿದೆ ಎಂದು ಬಿಡಿಸಿ ಬರೆಯುವುದಿಲ್ಲ, ಎಲ್ಲ ಕಡೆ ಅದೇ ಮಾತು. ಒಬ್ಬರು ಕುತ್ತಿಗೆಗೆ ಪಟ್ಟಾ ಕೊಟ್ಟರು. ಇನ್ನೊಬ್ಬರು ಆ ಪಟ್ಟಾ ಸರಿಯಿಲ್ಲವೆಂದು ಬೇರೆ ಪಟ್ಟಾ ಕೊಟ್ಟರು. ನಡುವಿಗೆ ಬೆಲ್ಟು. ನೋವಿನ ಗುಳಿಗೆ, ಆ ಗುಳಿಗೆಯಿಂದ ಹೊಟ್ಟೆ ಉರಿದದ್ದಕ್ಕೆ ಮತ್ತೊಂದು ಗುಳಿಗೆ. ಮುಲಾಮು. ಎಕ್ಸ್‌ರೇ, ಮತ್ತೊಂದು ಎಕ್ಸ್‌ರೇ. ಕರೆಂಟಿನ ಶಾಖ. ಎಲ್ಲವೂ ಪುಕ್ಕಟೆ. ಯಾರೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ, ಯಾವ ಅನುಮತಿಯೂ ಬೇಕಾಗಲಿಲ್ಲ.

"ದವಾಖಾನಿ ಫುಕಟ್, ಹೆಂಗಸರಿಗಿ ಬಸ್ ಫುಕಟ್, ನಿಂದೇನ್ ಗಂಟ ಹೋಗ್ತದ?" ಎಂದು ಗಂಡ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಹಾಗೇ ಕಾಣುತ್ತಿತ್ತು.

"ನನ್ನ ರಜಾ ಹೋಗ್ತಾವ್ರೀ. ಹತ್ತನೇ ಕ್ಲಾಸಿನ ಹುಡುಗ್ಯಾರ ಪಾಠ ಹೋಗ್ತದ. ಅದೂ ಫುಕಟ್ ಏನು?"

ಅವರು ಅಂಗಡಿಯ ಬೀಗದಕೈ ಎತ್ತಿಕೊಂಡರು. ನಾನು ಬೆಲ್ಟು ಬಿಗಿದುಕೊಂಡು ಬಸ್ಸಿಗೆ ಹೋದೆ.

ಒಂದು ಬೇಸಿಗೆ ತಾಂಡೂರಿನಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದೆ, ಎದೆಯಡಿಯ ಹುಣ್ಣಿಗೆ. ಕಾಯುವ ಕಡೆ ನಮ್ಮೂರ ಬಂಡೆಯದೇ ಬೆಂಚು. ಆ ಬಿಸಿಲಿನಲ್ಲೂ ತಣ್ಣಗಿತ್ತು. ಹಿಂದಿನ ಗೋಡೆಗೂ ಅದೇ ಕಲ್ಲು ಹಾಕಿದ್ದರು. ಕುತ್ತಿಗೆ ಒತ್ತಿ ಕೂತೆ. ಆ ವರ್ಷ ಯಾವ ಮುಲಾಮೂ ಕೊಡದ ಸುಖವನ್ನು ಆ ಕಲ್ಲು ಕೊಟ್ಟಿತು. ನನ್ನ ಹೆಸರು ಕರೆಯುವುದು ತಡವಾಗಲಿ ಎಂದೇ ಅನ್ನಿಸಿತ್ತು.

ಡಾಕ್ಟರು ನನಗಿಂತ ಚಿಕ್ಕವಳು, ವಾರಂಗಲ್ ಕಡೆಯ ಹುಡುಗಿ ಇರಬೇಕು, ತೆಲುಗಿನಲ್ಲಿ ಮಾತಾಡಿದಳು. ಬಾಗಿಲು ಹಾಕಿಸಿದಳು. ಅದೇ ದೊಡ್ಡ ಉಪಕಾರ. ಬಟ್ಟೆ ಸರಿಸಿ ನೋಡಿ, ಹೆಗಲ ಹಳ್ಳದ ಮೇಲೆ ಬೆರಳಿಟ್ಟು, ಕುತ್ತಿಗೆ ನೋವಿದೆಯೇ ಎಂದು ತಾನಾಗಿ ಕೇಳಿದಳು. ನಾನು ಪಟ್ಟಾ, ಬೆಲ್ಟು, ಎಲ್ಲ ಹೇಳಿದೆ.

"ಅಕ್ಕಾ, ಮೇಲೆ ಒಬ್ಬರು ನೋಡಿದಾರೆ, ಕೆಳಗೆ ನಾನು ನೋಡ್ತಿದೀನಿ," ಅಂದಳು. "ನಡುವೆ ಇರೋದನ್ನ ಯಾರೂ ನೋಡಿಲ್ಲ. ಹುಣ್ಣು, ಹೆಗಲು, ಕೈ ಜೋಮು, ಎಲ್ಲ ಅದರದ್ದೇ. ಕಡಿಮೆ ಮಾಡೋ ಆಪರೇಷನ್ ಇದೆ. ಪಟ್ಟಣದ ದೊಡ್ಡ ಸರಕಾರಿ ಆಸ್ಪತ್ರೇಲಿ ಮಾಡ್ತಾರೆ."

ಹೊರಗೆ ಬಂದು ಅದೇ ಕಲ್ಲಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಸಿಟ್ಟಿಗೆ ಬಂದ ಅಳು ಅದು. ಇಷ್ಟು ವರ್ಷ ಓದಿದವಳು ನಾನು, ಕಾರಣದಿಂದ ಪರಿಣಾಮ ಎಂದು ಮಕ್ಕಳಿಗೆ ಹೇಳುವವಳು. ಬೇನೆ ಇಂಥದ್ದರಿಂದ ಎಂದು ನನಗೆ ಗೊತ್ತಿತ್ತು, ಆದರೆ ಅದಕ್ಕೆ ಔಷಧವಿದೆ ಎಂದು ಗೊತ್ತಿರಲಿಲ್ಲ.

ಮನೆಯಲ್ಲಿ ಹೇಳಿದ ಕೂಡಲೇ ಅತ್ತೆ ನಾದುತ್ತಿದ್ದ ಜೋಳದ ಹಿಟ್ಟನ್ನು ಕೊಣಮಿಗೆಯಲ್ಲೇ ಬಿಟ್ಟು ಎದ್ದಳು.

"ಕ್ಯಾನ್ಸರ್ ಆಗ್ಯಾದೇನು? ಮುಚ್ಚಿಡಬ್ಯಾಡ."

"ಇಲ್ಲರೀ ಅತ್ತಿ. ಭಾರಕ್ಕ ಬ್ಯಾನಿ. ಭಾರ ತೆಗಸೋದು, ಅಷ್ಟೇ."

"ಮಂದಿ ಇಲ್ಲಂತ ಅಳ್ತಾರ, ನೀ ಇದ್ದದ್ದು ಕೊಯ್ಸಾಕ ಹೊಂಟೀಯಲ್ಲ! ಕೇಳಿದವರಿಗಿ ನಾ ಏನ್ ಹೇಳಲಿ?"

ನಾನು ಬಾಗಿಲು ಹಾಕಿ ರವಿಕೆ ಬಿಚ್ಚಿ ತೋರಿಸಿದೆ. ಮದುವೆಯಾಗಿ ಬಂದಾಗಿನಿಂದ ಅವಳ ಮುಂದೆ ಸೆರಗು ಜಾರಿಸಿದವಳಲ್ಲ. ಅತ್ತೆ ನೋಡಿದಳು. ಸುಲಿದ ಚರ್ಮದ ಮೇಲೆ ಉಸಿರು ಬಿಟ್ಟರೆ ನೋಯುತ್ತದೇನೋ ಎಂಬಂತೆ ಹಿಂದೆ ಸರಿದಳು.

"ಇಷ್ಟ್ ಆಗ್ಯಾದಂತ ಬಾಯಿ ಬಿಡಬೇಕಿಲ್ಲೇನ ಹುಚ್ಚಿ," ಅಂದಳು. ಆಮೇಲೆ ಆ ವಿಷಯಕ್ಕೆ ಎದುರು ಮಾತಾಡಲಿಲ್ಲ.

ಗಂಡ ಒಂದು ದಿನ ಪೂರ್ತಿ ತಡೆದುಕೊಂಡು ಊಟದ ಹೊತ್ತಿಗೆ ಕೇಳಿದರು: "ಆಮ್ಯಾಲ... ಏನೂ ಇರಂಗಿಲ್ಲೇನು?"

"ಇರ್ತದ್ರೀ. ನಿಮ್ಮ ದುಕಾನ್ ಪೂರಾ ಬಂದ್ ಆಗಂಗಿಲ್ಲ, ಸುಮ್ಕ ಉಣ್ರಿ."

ಅತ್ತೆ ನಕ್ಕಳು. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

ದೊಡ್ಡಾಸ್ಪತ್ರೆಯ ಸರ್ಜನ್ ಮೇಡಂ ಒಳ್ಳೆಯವರು. ನೋಡಿದ ಐದು ನಿಮಿಷಕ್ಕೆ "ಮಾಡಬೇಕು," ಅಂದರು. ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಕೆಳಗಿನ ಕೌಂಟರಿನವನು ಕಂಪ್ಯೂಟರಿನಲ್ಲಿ ಹುಡುಕಿ, "ಇದು ಸೌಂದರ್ಯಕ್ಕೆ ಮಾಡೋದಮ್ಮ, ಸರಕಾರಿ ಯೋಜನೆಯಲ್ಲಿ ಬರಲ್ಲ," ಎಂದ.

"ಯಾರ ಸೌಂದರ್ಯ?" ಎಂದು ಕೇಳಿದೆ.

"ನಿಮ್ದೇ ಅಮ್ಮ."

ನನ್ನ ಹಿಂದಿದ್ದ ಸಾಲು ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಬೆವರಿಳಿದ ಮುಖ, ಕುತ್ತಿಗೆಗೆ ಪಟ್ಟಾ, ಒಂದು ಕೈಯಲ್ಲಿ ಇನ್ನೊಂದು ಕೈ ತಿಕ್ಕುತ್ತ ನಿಂತವಳು. ಯಾರಿಗೂ ಸೌಂದರ್ಯ ಕಂಡಿರಲಿಕ್ಕಿಲ್ಲ.

ಮೇಡಂ ಬೇರೆ ದಾರಿ ಹೇಳಿದರು. ಆಸ್ಪತ್ರೆಯೊಳಗೇ ಡಾಕ್ಟರುಗಳ ಒಂದು ಕಮಿಟಿ ಇದೆ. ಅವರು ಒಪ್ಪಿದರೆ ಆಸ್ಪತ್ರೆಯ ಖರ್ಚಿನಲ್ಲೇ ಮಾಡಬಹುದು. ಕಮಿಟಿಯ ಮುಖ್ಯ ಡಾಕ್ಟರು ವಯಸ್ಸಾದವರು. ಮೊದಲ ಸಲ ಹೋದಾಗ ನನ್ನನ್ನು ಕೂಡಿಸಲೂ ಇಲ್ಲ. "ತೂಕ ಇಳಿಸಿ. ಓಡಿ. ತಾನಾಗೇ ಕಡಿಮೆ ಆಗುತ್ತೆ," ಅಂದರು.

ಓಡಿ! ಎರಡು ತುಂಬಿದ ಕೊಡ ಎದೆಗೆ ಕಟ್ಟಿಕೊಂಡು ಓಡಿದವರು ಯಾರಾದರೂ ಇದ್ದರೆ ನನಗೆ ತೋರಿಸಿ. ಆದರೂ ಬಿಡಲಿಲ್ಲ. ಸಕ್ಕರೆ ಬಿಟ್ಟೆ, ಅನ್ನ ಬಿಟ್ಟೆ, ಸಂಜೆ ಬಸ್ಸಿಳಿದು ಬಸವ ಮಂಟಪದವರೆಗೆ ನಡೆದೆ. ಕೆನ್ನೆ ಇಳಿಯಿತು, ಸೊಂಟ ಇಳಿಯಿತು, ಬಳೆ ಸಡಿಲವಾದವು. ಎದೆ ಇದ್ದಲ್ಲೇ ಇತ್ತು. ಸಣ್ಣಗಾದ ಮೈಮೇಲೆ ಅದು ಇನ್ನೂ ದೊಡ್ಡದಾಗಿ ಕಂಡು ಶಾಲೆಯ ಸಹೋದ್ಯೋಗಿಯೊಬ್ಬಳು, "ಏನ್ ಸುವರ್ಣಾ ಮೇಡಂ, ಒಂದ್ ಕಡೀನೇ ಡಯೆಟ್ ಮಾಡಿಲ್ಲ ಕಾಣ್ತದ," ಅಂದಳು. ಅವಳಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಎರಡನೇ ಸಲ ಕಮಿಟಿ ಕರೆದ ದಿನ ಗಂಡನಿಗೆ ಬೀಜದ ಲಾರಿ ಬರುವುದಿತ್ತು. ನನ್ನ ಜೊತೆ ಅತ್ತೆ ಹೊರಟಳು. ಅವಳ ಕಂಕುಳಲ್ಲಿ ಗೋಣಿಚೀಲವೊಂದಿತ್ತು. ಪಟ್ಟಣದ ನೆಂಟರಿಗೆ ತೊಗರಿಬೇಳೆ ಇರಬೇಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಬಸ್‌ಸ್ಟ್ಯಾಂಡಿನಲ್ಲೇ ಜಗಳವಾಗುತ್ತಿತ್ತು.

ಒಳಗೆ ಮೂವರು ಡಾಕ್ಟರುಗಳು, ಪಕ್ಕದಲ್ಲಿ ನಮ್ಮ ಸರ್ಜನ್ ಮೇಡಂ. ಹಿರಿಯರು ನನ್ನನ್ನು ನೋಡಿ, ತೂಕ ಇಳಿದದ್ದನ್ನು ಒಪ್ಪಿದರು. ಆಮೇಲೆ ನಿಟ್ಟುಸಿರಿಟ್ಟರು.

"ನೋಡಮ್ಮ, ಇಲ್ಲಿ ಸುಟ್ಟ ಗಾಯದವರು ಬರ್ತಾರೆ, ಸೀಳುತುಟಿಯ ಮಕ್ಕಳು ಬರ್ತಾರೆ. ಇರೋ ಥಿಯೇಟರು ಇಷ್ಟೇ. ಸರಕಾರದ ದುಡ್ಡನ್ನ ಇಂಥದಕ್ಕೆ ಹಾಕೋದು ಸರಿಯಾ, ನೀವೇ ಹೇಳಿ. ಓದಿದೋರು ನೀವು."

ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಸುಟ್ಟ ಗಾಯದವರನ್ನು ನಾನೇ ಹೊರಗೆ ನೋಡಿ ಬಂದಿದ್ದೆ. ನಾನು ಹಿಂದೆ ಸರಿಯಬೇಕೇನೋ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅತ್ತೆ ಬಂದಳು, ಹಿಂದೆಯೇ "ಅಮ್ಮಾ, ಅಂದರ್ ನಕೋ ಜಾ" ಎಂದು ಒಳಗೆ ಹೋಗದಂತೆ ತಡೆಯುತ್ತ ಕಾವಲಿನವನು. ಅತ್ತೆ ಸೀದಾ ಮೇಜಿನ ಹತ್ತಿರ ಹೋಗಿ ಗೋಣಿಚೀಲ ಸುರಿದಳು.

ಕುತ್ತಿಗೆಯ ಪಟ್ಟಾಗಳು, ಒಂದರ ಮೇಲೊಂದು. ನಡುವಿನ ಬೆಲ್ಟುಗಳು. ಅರ್ಧ ಹಿಂಡಿದ ಮುಲಾಮಿನ ಟ್ಯೂಬು, ತಿನ್ನದೆ ಉಳಿದ ಗುಳಿಗೆಯ ಹಾಳೆ, ಶಾಖದ ರಬ್ಬರು ಚೀಲ, ಸುರುಳಿ ಸುತ್ತಿದ ಎಕ್ಸ್‌ರೇ. ನಾನು ಎಸೆದೆ ಎಂದುಕೊಂಡಿದ್ದ ವಸ್ತುಗಳೆಲ್ಲ ಇದ್ದವು.

"ಎಣಿಸಿ ತಗೋರಿ ಸಾಹೇಬ್ರೇ," ಅಂದಳು ಅತ್ತೆ. "ಎಲ್ಲಾ ಸರ್ಕಾರದ್ದೇ ಅದಾವ್ರಿ. ಸೊಸಿಗಿ ಆಪರೇಶನ್ ಆದಮ್ಯಾಲ ಬೇಕಾಗಂಗಿಲ್ಲ. ಒಂದ್ ಪಟ್ಟಾ ಮೊಮ್ಮಗಳು ಆಟದಾಗ ಹರದಾಳ, ಅದೊಂದ್ ಮಾಫ್ ಮಾಡ್ರಿ."

ಇದನ್ನು ನಮ್ಮ ಕಡೆಯವರು ಮಾತ್ರ ಅರ್ಥ ಮಾಡಿಕೊಳ್ಳಬಲ್ಲರು. ತೊಗರಿ ಮಾರಲು ಸರಕಾರಿ ಖರೀದಿ ಕೇಂದ್ರಕ್ಕೆ ಹೋದರೆ ಖಾಲಿ ಗೋಣಿಚೀಲ ಅವರೇ ಕೊಡುತ್ತಾರೆ; ಒಂದು ಕಡಿಮೆಯಾದರೂ ಬಿಡುವುದಿಲ್ಲ, ಬೈದು ವಾಪಸು ಕೇಳುತ್ತಾರೆ. ಸರಕಾರ ಪುಕ್ಕಟೆ ಕೊಟ್ಟ ವಸ್ತುವನ್ನು ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕೆಂದು ಅತ್ತೆಯ ತಲೆಯಲ್ಲಿ ಕೂತಿತ್ತು. ಅದಕ್ಕೇ ಇಷ್ಟು ವರ್ಷ ಎಲ್ಲವನ್ನೂ ಅಟ್ಟದ ಮೇಲೆ ಜೋಪಾನ ಮಾಡಿ, ಕೊಡದಿದ್ದರೆ ಸೊಸೆಯ ಆಪರೇಷನ್ನಿಗೆ ತೊಡಕಾದೀತೆಂದು ಹೆದರಿ ಈಗ ಹೊತ್ತು ತಂದಿದ್ದಳು.

ನಾನು ತೆಲುಗಿನಲ್ಲಿ ಅರ್ಥ ಹೇಳಿದೆ. ಮೂವರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಮೇಜಿನ ಮೇಲಿನ ಗುಡ್ಡೆ ಕಣ್ಣಿಗೆ ಬಿತ್ತು. ಅವರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಬಿದ್ದಿತ್ತು.

"ಸರ್," ಅಂದೆ. ತೆಲುಗಿನಲ್ಲೇ, ಪಾಠ ಮಾಡುವ ದನಿಯಲ್ಲಿ. "ಇದೆಲ್ಲ ಸರಕಾರದ ದುಡ್ಡೇ. ಇದನ್ನು ಕೊಡುವಾಗ ಯಾರೂ ಕಮಿಟಿ ಕೂಡಿಸಲಿಲ್ಲ, ಸರಿಯೋ ತಪ್ಪೋ ಎಂದು ನನ್ನನ್ನು ಕೇಳಲಿಲ್ಲ. ಇದರಿಂದ ನನಗೆ ಒಂದು ಎಳ್ಳಿನಷ್ಟೂ ಗುಣವಾಗಿಲ್ಲ. ನೀವು ಆಪರೇಷನ್ ಮಾಡದಿದ್ದರೆ ಖರ್ಚು ಉಳಿಯುತ್ತದೆ ಎಂದುಕೊಂಡಿದ್ದೀರಿ. ಉಳಿಯುವುದಿಲ್ಲ. ನಾನು ನಿವೃತ್ತಿಯಾಗುವವರೆಗೆ ಇಂಥ ಗುಡ್ಡೆ ಬೆಳೆಯುತ್ತಲೇ ಇರುತ್ತದೆ. ನಡುವೆ ನಾನು ಹಾಕಿದ ರಜೆಗೆ ಸಂಬಳ ಕೊಡುವುದೂ ಸರಕಾರವೇ. ಸುಟ್ಟ ಗಾಯದವರ ಮುಂದೆ ನನ್ನನ್ನು ಯಾಕೆ ನಿಲ್ಲಿಸುತ್ತೀರಿ? ಈ ಗುಡ್ಡೆಯ ಮುಂದೆ ನಿಲ್ಲಿಸಿ ತೂಗಿ."

"ಇದು ಹಾಗೆ ಲೆಕ್ಕ ಹಾಕೋದಲ್ಲಮ್ಮ."

"ಹಾಗಾದರೆ ಹೇಗೆ ಅಂತ ಹೇಳಿ ಸರ್. ನಾನು ಲೆಕ್ಕದ ಟೀಚರು, ಕಲೀತೀನಿ."

ಸರ್ಜನ್ ಮೇಡಂ ನಗು ತಡೆಯಲು ಮುಖ ಆಚೆ ತಿರುಗಿಸಿಕೊಂಡರು. ಹಿರಿಯರು ಒಂದು ಪಟ್ಟಾ ಎತ್ತಿ ನೋಡಿದರು, ಇನ್ನೊಂದನ್ನು ನೋಡಿದರು. ಮೇಡಂ ಕಡೆ ತಿರುಗಿ ಒಂದೊಂದು ಕಡೆಯಿಂದ ಎಷ್ಟು ತೂಕ ತೆಗೆಯುತ್ತೀರಿ ಎಂದು ಕೇಳಿದರು, ತೂಕದ ಕಾಂಟಾದ ಮುಂದೆ ನಿಂತ ವ್ಯಾಪಾರಿಯ ಹಾಗೆ. ಮೇಡಂ ಹೇಳಿದರು.

"ಸರಿ, ಮಾಡಿ. ಆದರೆ ಇದನ್ನ ರೂಢಿ ಮಾಡ್ಬೇಡಿ."

ಪಟ್ಟಾಗಳನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ಅತ್ತೆ ಗೊಣಗುತ್ತ ಎಲ್ಲ ತುಂಬಿಕೊಂಡಳು. "ಚೀಲಕ್ಕಾದ್ರ ಬಯ್ತಾರ, ಇಂಥಾ ಛಲೋ ಸಾಮಾನ ಬ್ಯಾಡಂತಾರ. ಇವರ ಕಾರಭಾರ ಇವರಿಗೇ ಗೊತ್ತ್."

ಆಪರೇಷನ್ನಿನ ದಿನ ಮೈಮೇಲಿನದನ್ನೆಲ್ಲ ತೆಗೆಯಲು ಹೇಳಿದರು. ಬಳೆ, ತಾಳಿ, ಮೂಗುಬೊಟ್ಟು ಕೊಟ್ಟೆ. ಲಿಂಗದ ದಾರಕ್ಕೆ ಕೈ ಹೋದಾಗ ಅತ್ತೆ ನರ್ಸಮ್ಮನ ಕೈ ಹಿಡಿದಳು. "ಇದು ಮೈ ಬಿಡಂಗಿಲ್ಲವ್ವ." ನರ್ಸಮ್ಮ ಮಲಯಾಳದವಳು, ಅವಳಿಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಲೋಹ ಇದೆಯೇ ಎಂದು ಸನ್ನೆಯಲ್ಲಿ ಕೇಳಿದಳು. ಇಲ್ಲವೆಂದೆ. ಲಿಂಗದ ಹಳೇ ಬಟ್ಟೆ ಬಿಚ್ಚಿ, ಗಾಯಕ್ಕೆ ಕಟ್ಟುವ ಹೊಸ ಪಟ್ಟಿಯಲ್ಲಿ ಸುತ್ತಿ, ನನ್ನ ಎಡ ಮುಂಗೈಗೆ ಮೆತ್ತಗೆ ಕಟ್ಟಿದಳು. ಎಚ್ಚರವಾದಾಗ ಅದು ಅಲ್ಲೇ ಇತ್ತು. ಯಾವ ನಿಯಮದಲ್ಲಿ ಅವಳು ಹಾಗೆ ಮಾಡಿದಳೋ ಗೊತ್ತಿಲ್ಲ. ಅವಳು ಯಾವ ಕಮಿಟಿಯನ್ನೂ ಕೇಳಿರಲಿಲ್ಲ.

ಎಲ್ಲ ಹಸನಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಕಡೆ ನಳಿಕೆ ಇಟ್ಟಿದ್ದರು. ಕೆಮ್ಮಿದರೆ ಜೀವ ಹೋಗುತ್ತಿತ್ತು. ಒಂದು ಕಡೆ ಹೊಲಿಗೆ ಸ್ವಲ್ಪ ಬಿಟ್ಟು ಗಾಯ ಮಾಯಲು ಬಹಳ ದಿನ ಹಿಡಿಯಿತು. ಗಂಡ ಅಂಗಡಿ ಮುಚ್ಚಿ ಬಂದು ಪಟ್ಟಿ ಬದಲಿಸುವುದನ್ನು ಕಲಿತರು, ಮುಖ ಕಿವುಚಿಕೊಂಡೇ ಕಲಿತರು. ಗಾಯದ ಗೆರೆಗಳಿವೆ. ಕೆಲವು ಕಡೆ ಸ್ಪರ್ಶ ತಿಳಿಯುವುದಿಲ್ಲ. ಆದರೆ ಕೈ ಜೋಮು ಹೋಯಿತು. ಬೋರಲು ಮಲಗುತ್ತೇನೆ. ಉಣ್ಣುವಾಗ ಅನ್ನದ ಅಗುಳು ಎದೆಯ ಮೇಲೆ ನಿಲ್ಲದೆ ನೇರ ಮಡಿಲಿಗೆ ಬೀಳುತ್ತವೆ. ಮೊದಲ ಸಲ ಹಾಗೆ ಬಿದ್ದಾಗ ಮಗಳು ನಕ್ಕಳು, ನಾನೂ ನಕ್ಕೆ. ಅಂದಿನಿಂದ ಎಲುಬಿನ ಡಾಕ್ಟರ ಬಾಗಿಲು ತುಳಿದಿಲ್ಲ. ಸರಕಾರಕ್ಕೆ ಉಳಿತಾಯ.

ಕೊನೆಯ ತಪಾಸಣೆಗೆ ಹೋದಾಗ ಸರ್ಜನ್ ಮೇಡಂ ಗಾಯ ನೋಡಿ ಸಂತೋಷಪಟ್ಟರು. ನಾನು ಕೇಳಿದೆ: "ಇನ್ನು ಮುಂದೆ ನನ್ನಂಥವರು ಬಂದರೆ ಸೀದಾ ಮಾಡ್ತೀರಾ?"

"ಇಲ್ಲ ಸುವರ್ಣಾ. ಪ್ರತಿಯೊಬ್ಬರೂ ಕಮಿಟಿಗೇ ಹೋಗಬೇಕು. ನಿಮ್ಮದು ನಿಮ್ಮ ಕೇಸು, ಅಷ್ಟೇ. ಕೌಂಟರಿನಲ್ಲಿ ಈಗಲೂ ಸೌಂದರ್ಯ ಅಂತಾನೇ ಬರುತ್ತೆ."

ಸಿಟ್ಟು ನೆತ್ತಿಗೇರಿತು. ಹಾಗಾದರೆ ನಾನು ಅಷ್ಟು ಬಾಯಿ ಬಡಿದುಕೊಂಡದ್ದು ಯಾರಿಗೆ? ಮೇಡಂ ಬಾಗಿಲ ಕಡೆ ತೋರಿಸಿದರು. "ಹೊರಗೆ ಒಬ್ಬಳು ಕೂತಿದಾಳೆ, ನಿಮ್ಮ ಕಡೆಯವಳೇ, ಕನ್ನಡ ಮಾತಾಡ್ತಾಳೆ. ಇವತ್ತು ಅವಳ ಕಮಿಟಿ. ಜೊತೆಗೆ ಬಂದಿದ್ದ ಅವಳ ತಮ್ಮ, ವಿಷಯ ಏನೆಂದು ಕೇಳಿ ನಾಚಿಕೊಂಡು ಗೇಟಿಗೆ ಹೋಗಿಬಿಟ್ಟಿದಾನೆ. ಒಂದೆರಡು ಮಾತಾಡಿ."

ರಾಯಿಕೋಡ್ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ಕೈಚೀಲವನ್ನು ಎದೆಗೆ ಅವಚಿಕೊಂಡು ಬಾಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ, ನಂದೂ ಆಗಿದೆ, ಇಲ್ಲೇ ಆಗಿದೆ. ಗಾಯ ಎಷ್ಟು ದೊಡ್ಡದು, ಗಂಡ ಏನಂದರು, ಎಷ್ಟು ದಿನ ಮಲಗಬೇಕು ಎಂದು ಕೇಳುತ್ತಾಳೆಂದು ಉತ್ತರ ಸಿದ್ಧವಿಟ್ಟುಕೊಂಡಿದ್ದೆ. ಅವಳು ಅದ್ಯಾವುದನ್ನೂ ಕೇಳಲಿಲ್ಲ. ಸುತ್ತ ನೋಡಿ ದನಿ ತಗ್ಗಿಸಿದಳು.

"ಅಕ್ಕಾ, ನಿಮಗ ಖರೇನೇ ಬ್ಯಾನಿ ಇತ್ತೇನ್ರಿ? ಎಲ್ಲಾರೂ ಏನಿಲ್ಲ ಏನಿಲ್ಲ ಅಂತಾರ. ನಾನೇ ನಾಟಕ ಮಾಡಾಕತ್ತೀನೇನೋ ಅನಸ್ತದ."

"ಖರೇ ಇತ್ತವ್ವ," ಅಂದೆ. "ಹೆಗಲ ಮ್ಯಾಲ, ಕುತ್ತಿಗ್ಯಾಗ, ಇಲ್ಲಿ ಬೆರಳಿನಾಗ. ನಿಂದೂ ಖರೇನೇ ಅದ."

ಅವಳು ಅಳಲಿಲ್ಲ. ಹೌದೆಂಬಂತೆ ತಲೆ ಅಲ್ಲಾಡಿಸಿದಳು. ಚೀಲ ಮಾತ್ರ ತೊಡೆಯ ಮೇಲೆ ಇಳಿಸಿದಳು.

ಬಾಗಿಲು ತೆರೆದು ಕಾವಲಿನವನು ಅವಳ ಹೆಸರು ಕರೆದ. ಎದ್ದಳು. ಅವಳ ಜೊತೆಗೆ ಬಂದವರಿಗಾಗಿ ಹಿಂದೆ ಮುಂದೆ ನೋಡಿ, "ಪೇಷಂಟ್ ಕೆ ಸಾಥ್ ಕೌನ್ ಹೈ?" ಎಂದು ಕೇಳಿದ.

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಇರದಿದ್ದರೂ ಆಗುತ್ತಿತ್ತು.

"ನಾನು," ಎಂದು ಎದ್ದೆ.